ರಕ್ತ ಎಷ್ಟು ಮಿಲಿ, ರಾತ್ರಿ ಎಷ್ಟು ಗಂಟೆ?

ದೊಡ್ಡವರಿಗಾಗಿ ಬರೆದ ರಕ್ತಪಿಶಾಚಿ ಸರಣಿಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಆಯ್ದ ಕೆಲವು ಈ ಸಂಚಿಕೆಯಲ್ಲಿವೆ. ಕೇಳಿದವರಲ್ಲಿ ಓದುವವರಿಗಿಂತ ಬರೆಯಲು ಹೊರಟವರೇ ಹೆಚ್ಚು.

ಪ್ರಶ್ನೆ: ಹೈಸ್ಕೂಲು ಹುಡುಗಿಯೂ ರಕ್ತಪಿಶಾಚಿಯೂ ಪ್ರೇಮಿಸುವ ಪುಸ್ತಕಗಳು ಸಾಕಾಗಿವೆ. ನನಗೀಗ ಮೂವತ್ತೈದು. ದೊಡ್ಡವರ ಸರಣಿಗಳಲ್ಲಿ ಯಾವುದರಿಂದ ಶುರು ಮಾಡಲಿ? ಹತ್ತು ಹದಿನೈದು ಪುಸ್ತಕ ಎಂದರೆ ಎದೆ ನಡುಗುತ್ತದೆ. (ಓದುಗಿ, ತುಮಕೂರು)

ನಿಮಗೆ ಬೇಕಿರುವುದು ಪ್ರೇಮವೋ ಪತ್ತೇದಾರಿಯೋ ಭಯವೋ, ಅದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಅಂಗಡಿಯಲ್ಲಿ ಮೂರನ್ನೂ ಒಂದೇ ಕಪಾಟಿನಲ್ಲಿ ಜೋಡಿಸಿರುತ್ತಾರೆ, ಮೂರರ ಮುಖಪುಟವೂ ಅದೇ ಕಪ್ಪು, ಅದೇ ಕೆಂಪು. ಒಳಗಿನ ಕಟ್ಟಡ ಮಾತ್ರ ಬೇರೆ ಬೇರೆ.

ಅತಿಮಾನುಷ ಪಾತ್ರಗಳ ಪ್ರೇಮಕತೆಯಾದ ಪ್ಯಾರಾನಾರ್ಮಲ್ ರೊಮಾನ್ಸ್‌ನಲ್ಲಿ ಪುಸ್ತಕಕ್ಕೊಂದು ಜೋಡಿ. ಆ ಜೋಡಿ ಒಂದಾದರೆ ಪುಸ್ತಕ ಮುಗಿಯಿತು, ಹಿನ್ನೆಲೆಯ ಹಗೆತನ ಮಾತ್ರ ಮುಂದಿನದಕ್ಕೆ ಹರಿಯುತ್ತದೆ. ಜೆ. ಆರ್. ವಾರ್ಡ್ 2005ರಲ್ಲಿ ಶುರು ಮಾಡಿದ ಬ್ಲ್ಯಾಕ್ ಡ್ಯಾಗರ್ ಬ್ರದರ್‌ಹುಡ್ ಈ ಜಾತಿಯದು. ಮಲಗುವ ಕೋಣೆಯ ಬಾಗಿಲು ಅದರಲ್ಲಿ ಸದಾ ತೆರೆದೇ ಇರುತ್ತದೆ, ಗೊತ್ತಿದ್ದು ಕೈಗೆತ್ತಿಕೊಳ್ಳಿ. ಇಂದಿನ ಊರುಗಳಲ್ಲೇ ಮಾಯಾಲೋಕ ಬೆರೆಸುವ ಅರ್ಬನ್ ಫ್ಯಾಂಟಸಿಯಲ್ಲಿ ಕತೆ ಹೇಳುವವಳು ಒಬ್ಬಳೇ, ಪುಸ್ತಕದಿಂದ ಪುಸ್ತಕಕ್ಕೆ ಅವಳ ಬದುಕು ಬೆಳೆಯುತ್ತಾ ಹೋಗುತ್ತದೆ. ಶಾರ್ಲೇನ್ ಹ್ಯಾರಿಸ್ ಅವರ ಸದರ್ನ್ ವ್ಯಾಂಪೈರ್ ಕಾದಂಬರಿಗಳು 2001ರಿಂದ 2013ರವರೆಗೆ ಹದಿಮೂರು ಬಂದವು. ಕೃತಕ ರಕ್ತ ಮಾರುಕಟ್ಟೆಗೆ ಬಂದದ್ದರಿಂದ ರಕ್ತಪಿಶಾಚಿಗಳು ತಾವಿದ್ದೇವೆಂದು ಬಹಿರಂಗವಾಗಿ ಹೇಳಿಕೊಂಡ ಅಮೆರಿಕ ಅದರ ಲೋಕ. ಮೊದಲನೆಯದು ಪಕ್ಕಾ ಕೊಲೆಯ ಪತ್ತೇದಾರಿ. ಕೊಲೆಗಾರ ಸಿಕ್ಕ ಮೇಲೆ ಅಲ್ಲೇ ನಿಲ್ಲಿಸಿದರೂ ಅರ್ಧಕ್ಕೆ ಬಿಟ್ಟಂತಾಗುವುದಿಲ್ಲ. ಹದಿಮೂರಕ್ಕೆ ಹೆದರುವವರಿಗೆ ಇದು ಒಳ್ಳೆಯ ಬಾಗಿಲು.

ಭಾಷೆ, ವಿಷಾದ, ಪಾಪಪ್ರಜ್ಞೆ ಬೇಕೆಂದರೆ ಆನ್ ರೈಸ್ ಅವರ ವ್ಯಾಂಪೈರ್ ಕ್ರಾನಿಕಲ್ಸ್ ಸರಣಿ. 1976ರ ಮೊದಲ ಪುಸ್ತಕ, 1985ರ ಎರಡನೆಯದು, 1988ರ ಮೂರನೆಯದು, ಇದೇ ಕ್ರಮದಲ್ಲಿ ಓದಿ. ಎರಡನೆಯದರಲ್ಲಿ ಮೊದಲನೆಯದರ ಖಳನೇ ಎದ್ದು ನಿಂತು ತನ್ನ ಕತೆ ತಾನೇ ಹೇಳುತ್ತಾನೆ. ಹಿಂದುಮುಂದಾದರೆ ಆ ತಿರುವಿನ ರುಚಿ ಹೋಯಿತು. ಎರಡನೆಯದು ಮುಗಿಯುವ ಜಾಗದಿಂದಲೇ ಮೂರನೆಯದು ಹೊರಡುವುದರಿಂದ ಅವೆರಡನ್ನು ಒಟ್ಟಿಗೇ ತಂದಿಟ್ಟುಕೊಳ್ಳಿ. ಮೂರು ಸಾಕು. ಅಲ್ಲಿಂದ ಮುಂದಿನವು ಅಭಿಮಾನಿಗಳಿಗೆ.

ಇವ್ಯಾವುದಕ್ಕೂ ಮೊದಲು ಒಂದು ಭಾನುವಾರ ಇಟ್ಟುಕೊಂಡು ಶೆರಿಡನ್ ಲೆ ಫಾನು ಅವರ ‘ಕಾರ್ಮಿಲ್ಲಾ’ ಓದಿ. 1872ರದು, ಸಣ್ಣದು, ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪುಕ್ಕಟೆಯಾಗಿಯೇ ಸಿಗುತ್ತದೆ. ಆಮೇಲಿನವರು ಏನನ್ನು ಎಲ್ಲಿಂದ ಎತ್ತಿಕೊಂಡರು ಎಂಬುದು ಅಲ್ಲೇ ಅರ್ಧ ತಿಳಿಯುತ್ತದೆ.

ಪ್ರಶ್ನೆ: ನನ್ನ ನಾಯಕ ಯಾರನ್ನೂ ಕೊಲ್ಲದೆ ಕುಡಿಯುವವನು. ಒಂದು ಸಲಕ್ಕೆ ಎಷ್ಟು ಕುಡಿದರೆ ಎದುರಿನವರು ಬದುಕುತ್ತಾರೆ? (ಚಿಂತಾಮಣಿ)

ಈ ಲೆಕ್ಕ ಸರಿ ಮಾಡಿಕೊಂಡರೆ ಸರಣಿಯ ಅರ್ಧ ಕಥಾವಸ್ತು ತಾನಾಗಿ ಸಿಗುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. 50 ಕೆ.ಜಿ. ತೂಕದ ಹೆಂಗಸಾದರೆ ಮೂರೂಕಾಲರಿಂದ ಮೂರೂವರೆ ಲೀಟರ್. ಇದರಲ್ಲಿ ನೂರಕ್ಕೆ 15ರಷ್ಟು ಹೋದರೆ ತಲೆ ಹಗುರಾದಂತಾಗಬಹುದು, ಅಷ್ಟೆ. 15 ದಾಟಿದರೆ ನಾಡಿ ನೂರರ ಮೇಲೆ ಓಡುತ್ತದೆ, ಮೈ ತಣ್ಣಗೆ ಬೆವರುತ್ತದೆ, ಕಾರಣವಿಲ್ಲದ ಕಳವಳ. 30 ದಾಟಿತೆಂದರೆ ರಕ್ತದೊತ್ತಡ ಕುಸಿದು ಮಾತು ತಡವರಿಸುತ್ತದೆ. 40 ದಾಟಿದ ಮೇಲೆ ಆಸ್ಪತ್ರೆ ಸಿಗದಿದ್ದರೆ ಜೀವ ಉಳಿಯುವುದು ಕಷ್ಟ. 50 ಕೆ.ಜಿ.ಯ ನಾಯಕಿಗೆ ಇದನ್ನು ಇಳಿಸಿ ನೋಡಿ: ಅರ್ಧ ಲೀಟರ್‌ವರೆಗೆ ಪ್ರೇಮ, ಒಂದು ಲೀಟರ್ ಆದರೆ ಅಪಾಯ, 1.4 ಲೀಟರ್ ಆದರೆ ಕೊಲೆ. ‘ಹೊಟ್ಟೆ ತುಂಬಾ ಕುಡಿದ, ಅವಳು ನಕ್ಕು ಎದ್ದು ಹೋದಳು’ ಎಂದು ಬರೆಯುವ ಹಾಗಿಲ್ಲ. ಹೊಟ್ಟೆ ತುಂಬುವುದೇ ಒಂದು ಒಂದೂವರೆ ಲೀಟರ್‌ಗೆ.

ರಕ್ತನಿಧಿಗಳು ಒಬ್ಬರಿಂದ ಒಂದು ಸಲಕ್ಕೆ 350 ಅಥವಾ 450 ಮಿಲಿ ತೆಗೆಯುತ್ತವೆ. ಮತ್ತೆ ಕೊಡಬೇಕಾದರೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಬಿಡುವಿರಬೇಕು. ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಂಡರೂ ಕೆಂಪು ಕಣ ಬೆಳೆಯಲು ವಾರಗಳು ಬೇಕು. ಈಗ ಗುಣಿಸಿ. ವಾರಕ್ಕೊಮ್ಮೆ 350 ಮಿಲಿ ಕುಡಿಯುವ ಒಬ್ಬ ನಾಯಕನಿಗೆ, ಯಾರಿಗೂ ರಕ್ತಹೀನತೆ ಬರಬಾರದೆಂದರೆ, ಗಂಡಸರಾದರೆ 13 ಜನ, ಹೆಂಗಸರಾದರೆ 17-18 ಜನ ಬೇಕು. ದಿನಾ ಕುಡಿಯುತ್ತಾನೆ ಎಂದಿರೋ, ಒಪ್ಪಿ ಕೊಡುವವರು ತೊಂಬತ್ತಕ್ಕೂ ಹೆಚ್ಚು. ಚಿಂತಾಮಣಿಯಂಥ ಊರಲ್ಲಿ ತೊಂಬತ್ತು ಜನರಿಗೆ ಗೊತ್ತಿರುವುದು ಗುಟ್ಟಲ್ಲ. ಅಂದಮೇಲೆ ಅವನಿಗೊಂದು ವ್ಯವಸ್ಥೆ ಬೇಕು: ಪಟ್ಟಿ ಇಡುವವರು, ಹಣ ಕೊಡುವವರು, ಬಾಯಿ ಮುಚ್ಚಿಸುವವರು. ನಿಮ್ಮ ಎರಡನೇ ಪುಸ್ತಕದ ಖಳ ಈ ಪಟ್ಟಿ ಇಟ್ಟುಕೊಂಡವನೇ ಆಗಿರಲಿ.

ಕಚ್ಚುವ ಜಾಗವನ್ನೂ ನೋಡಿಕೊಳ್ಳಿ. ಕುತ್ತಿಗೆಯಲ್ಲಿ ನಾಡಿ ಬಡಿಯುವುದು ಅಪಧಮನಿ. ಅದಕ್ಕೆ ಹಲ್ಲಿಟ್ಟರೆ ರಕ್ತ ಚಿಮ್ಮುತ್ತದೆ, ಎರಡು ಅಂದದ ತೂತುಗಳ ಮೇಲೆ ಕರವಸ್ತ್ರ ಒತ್ತಿದರೆ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಸಾವು. ಚರ್ಮದಡಿ ಕಾಣುವ ಸಿರೆ ನಿಧಾನ, ಸುರಕ್ಷಿತ. ಎಂಜಲಿನಿಂದ ಗಾಯ ಮಾಯುತ್ತದೆ ಎನ್ನುವುದಾದರೆ, ಕುಡಿಯುವಷ್ಟು ಹೊತ್ತು ಅದೇ ಎಂಜಲು ರಕ್ತ ಹೆಪ್ಪುಗಟ್ಟದಂತೆಯೂ ನೋಡಿಕೊಳ್ಳಬೇಕು. ಎರಡೂ ಹೇಗೆ ಎಂಬುದನ್ನು ಮೊದಲ ಪುಸ್ತಕದಲ್ಲೇ ನಿರ್ಧರಿಸಿ.

ಜಿಲ್ಲಾಸ್ಪತ್ರೆಯಿಂದ ಚೀಲ ಕದಿಯುತ್ತಾನೆಯೇ? ಪ್ರತಿ ಚೀಲಕ್ಕೂ ನಂಬರು, ರಿಜಿಸ್ಟರು ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕಾಯುವ ಸಿಪಿಡಿಎ ದ್ರಾವಣವಿರುವ ಸಾಮಾನ್ಯ ಚೀಲದಲ್ಲಿ ಇಡೀ ರಕ್ತ 2ರಿಂದ 6 ಡಿಗ್ರಿಯಲ್ಲಿ 35 ದಿನ ಬಾಳುತ್ತದೆ. ಅವಧಿ ಮುಗಿದ ಚೀಲಗಳನ್ನು ವಿಲೇವಾರಿ ಮಾಡುವ ನೌಕರನನ್ನು ಪಾತ್ರ ಮಾಡಿಕೊಂಡರೆ ಕಳ್ಳತನ ನಂಬುವಂತಾಗುತ್ತದೆ. ಅಪರೂಪದ ಗುಂಪು ಬೇಕಾದವರು ಓ ನೆಗೆಟಿವ್ ಹಿಡಿದು ಜಗ್ಗುತ್ತಾರೆ. ಅದಕ್ಕಿಂತ 1952ರಲ್ಲಿ ಮುಂಬಯಿಯಲ್ಲಿ ಪತ್ತೆಯಾದ ಬಾಂಬೆ ರಕ್ತದ ಗುಂಪು ನೋಡಿ. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ, ಆದರೆ ಓ ರಕ್ತ ಕೊಟ್ಟರೆ ಅವರ ದೇಹ ತಿರುಗಿಬೀಳುತ್ತದೆ. ಇಂಥದ್ದು ಕತೆಗಾರನಿಗೆ ಬಿಟ್ಟಿ ಸಿಕ್ಕ ತಿರುವು.

ಪ್ರಶ್ನೆ: ಬೆಳಗಾದರೆ ಸುಟ್ಟು ಬೂದಿಯಾಗುವ ನಿಯಮವನ್ನು ಇಟ್ಟುಕೊಳ್ಳಲೇಬೇಕೇ? (ಮಧುಗಿರಿ)

ಬೇಕಿಲ್ಲ. ಬ್ರಾಮ್ ಸ್ಟೋಕರ್ ಅವರ 1897ರ ‘ಡ್ರಾಕುಲಾ’ದಲ್ಲಿ ಕೌಂಟ್ ಡ್ರಾಕುಲಾ ಹಗಲಿನಲ್ಲೇ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೆ. ಬಿಸಿಲಿಗೆ ಸಾಯುವುದು 1922ರ ಜರ್ಮನ್ ಮೂಕಚಿತ್ರ ‘ನೊಸ್ಫೆರಾಟು’ವಿನಿಂದ ಬಂದದ್ದು. ‘ಸಂಪ್ರದಾಯ’ ಎಂದು ಕಣ್ಣಿಗೊತ್ತಿಕೊಳ್ಳುವಷ್ಟು ಹಳೆಯದೇನಲ್ಲ.

ಇಟ್ಟುಕೊಳ್ಳುತ್ತೀರಾದರೆ ಲಂಡನ್ನಿನ ರಾತ್ರಿಯನ್ನು ಮಧುಗಿರಿಗೆ ತರಬೇಡಿ. ಅಲ್ಲಿ ಜೂನ್ ರಾತ್ರಿ ಏಳೂಕಾಲು ಗಂಟೆ ಚಿಲ್ಲರೆ, ಡಿಸೆಂಬರ್ ರಾತ್ರಿ ಹದಿನಾರು ಗಂಟೆ. ಬೇಸಿಗೆಯಲ್ಲಿ ಹಸಿದು ಚಳಿಗಾಲದಲ್ಲಿ ಕೊಬ್ಬುವ ರಕ್ತಪಿಶಾಚಿ ಆ ದೇಶಕ್ಕೆ ಸರಿ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ರಾತ್ರಿ ಹನ್ನೊಂದು ಗಂಟೆ ದಾಟುತ್ತದೆ, ಅತಿ ದೊಡ್ಡದು ಹನ್ನೆರಡೂ ಮುಕ್ಕಾಲು ಮುಟ್ಟುವುದಿಲ್ಲ. ಸೂರ್ಯ ಜೂನ್ ಮೊದಲಲ್ಲಿ ಆರಕ್ಕೆ ಐದಾರು ನಿಮಿಷ ಮೊದಲು ಹುಟ್ಟಿದರೆ ಜನವರಿ ಕೊನೆಗೆ ಆರೂ ಮುಕ್ಕಾಲರ ಹೊತ್ತಿಗೆ. ಇನ್ನೊಂದು: ಅಲ್ಲಿ ಜೂನ್‌ನ ಮುಸ್ಸಂಜೆ ಬೆಳಕು ಮುಕ್ಕಾಲು ಗಂಟೆ ಎಳೆಯುತ್ತದೆ, ಇಲ್ಲಿ 25 ನಿಮಿಷದೊಳಗೆ ಕತ್ತಲು. ಬೆಳಗಿನ ಜಾವದ ಓಟದ ದೃಶ್ಯಕ್ಕೆ ನಿಮಗೆ ಸಿಗುವುದೂ ಅಷ್ಟೇ ನಿಮಿಷ. ಬೆಟ್ಟದ ಪಡುವಣ ಮಗ್ಗುಲಿಗೆ ಬಿಸಿಲು ತಡವಾಗಿ ಬೀಳುತ್ತದೆ ಎಂಬುದನ್ನು ಮಧುಗಿರಿಯವರಿಗೆ ಹೇಳಿಕೊಡಬೇಕಿಲ್ಲ. ನೆರಳು ಸರಿಯುವ ಆ ಹೊತ್ತನ್ನು ಬಳಸಿಕೊಳ್ಳಿ.

ಪ್ರಶ್ನೆ: ಮುಚ್ಚಿದ ಚಿನ್ನದ ಗಣಿಯ ಆಳದಲ್ಲಿ ರಕ್ತಪಿಶಾಚಿಗಳ ಊರು. ಮೂರು ಪುಸ್ತಕಕ್ಕೆ ಸಾಕಾದೀತೇ? (ಕೆಜಿಎಫ್)

ಸಾಕಾಗಿ ಉಳಿಯುತ್ತದೆ. ಆದರೆ ‘ತಣ್ಣನೆಯ ಗುಹೆ’ ಎಂಬ ಕಲ್ಪನೆಯನ್ನು ಮೊದಲು ಬಿಡಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ, ತಳದ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತು ನೀರು ಏರಿತು. ಇವತ್ತಿನ ಕತೆಯಾದರೆ ತಳದಲ್ಲಿ ಊರು ಕಟ್ಟಲಾಗದು, ನೀರಿನ ಮೇಲಿನ ಹಳೆಯ ಸುರಂಗಗಳೇ ಗತಿ. ಅಲ್ಲೂ ಗಾಳಿ ಓಡಾಡುವುದಿಲ್ಲ. ಉಸಿರಾಡದ ರಕ್ತಪಿಶಾಚಿಗೆ ಚಿಂತೆಯಿಲ್ಲ, ಅವನು ಎಳೆದೊಯ್ದ ಮನುಷ್ಯ ಮಾತ್ರ ಕಚ್ಚುವ ಮೊದಲೇ ಸತ್ತಿರುತ್ತಾನೆ. ಬಿಡಿಸಲು ಬರುವ ನಾಯಕಿಗೂ ಇದೇ ಕಷ್ಟ. ಕೇಜ್ ಎಂಬ ಗಣಿ ಲಿಫ್ಟನ್ನು ಇಳಿಸುವ ಯಂತ್ರ ಇಲ್ಲದಿರುವುದರಿಂದ ಶಾಫ್ಟ್‌ನ ಗೋಡೆ ಹಿಡಿದು ಹತ್ತಿಳಿಯಬಲ್ಲವರು ರಕ್ತಪಿಶಾಚಿಗಳು ಮಾತ್ರ. ಮನುಷ್ಯರನ್ನು ಕೆಳಗಿಳಿಸುವ ಆಸೆಯಿದ್ದರೆ ಕಾಲವನ್ನು ಹಿಂದಕ್ಕೆ ತಳ್ಳಿ.

ಹಾಗೆ ತಳ್ಳಿದರೆ ಮೂರು ನಿಲ್ದಾಣ ತಾವಾಗಿ ಸಿಗುತ್ತವೆ. 1902: ಶಿವನಸಮುದ್ರದಿಂದ ಕರೆಂಟು ಕೆಜಿಎಫ್‌ಗೆ ಬಂದ ವರ್ಷ. ಬೆಂಗಳೂರಿಗಿಂತ ಮೊದಲು ಬಂತು, ಕತ್ತಲನ್ನೇ ನಂಬಿದ್ದವರಿಗೆ ಅದೇ ಮೊದಲ ಯುದ್ಧ. 1880ರಿಂದ ಜಾನ್ ಟೇಲರ್ ಕಂಪನಿಯ ಜೊತೆ ಕಾರ್ನ್‌ವಾಲ್‌ನ ಗಣಿಗಾರರು ಬಂದಿದ್ದರು, ಯುರೋಪಿನ ಪಿಶಾಚಿ ಇಲ್ಲಿಗೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. 1965: ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣ ಗುರುತಿಸಿದ ವರ್ಷ. ಎರಡು ಕಿಲೋಮೀಟರ್ ಕೆಳಗೆ ರಾತ್ರಿಯೆಲ್ಲ ಯಂತ್ರ ಕಾಯುವ ಯುವ ಸಂಶೋಧಕ ನಿಮಗೆ ಸಿಕ್ಕ. 2001: ನೀರು ಏರುತ್ತಿದೆ, ನೂರು ವರ್ಷ ಬಚ್ಚಿಟ್ಟುಕೊಂಡವರು ಮೇಲಕ್ಕೆ ಬರಲೇಬೇಕು. ಬಂಡೆ ಸಿಡಿತಕ್ಕೆ ಈ ಗಣಿಗಳು ಹೆಸರಾಗಿದ್ದವು. ಅವನ್ನೆಲ್ಲ ಪಿಶಾಚಿಯ ತಲೆಗೆ ಕಟ್ಟಬೇಡಿ, ಸತ್ತವರ ಮನೆಯವರು ಇನ್ನೂ ಗಣಿ ಕಾರ್ಮಿಕರ ಅದೇ ಲೈನುಮನೆಗಳಲ್ಲಿದ್ದಾರೆ. ಮಾತಿನಲ್ಲಿ ತಮಿಳು, ತೆಲುಗು, ಕನ್ನಡ ಬೆರೆಯದಿದ್ದರೆ ಅದು ಕೆಜಿಎಫ್ ಆಗುವುದಿಲ್ಲ.

ಪ್ರಶ್ನೆ: ಬೆಳ್ಳುಳ್ಳಿ, ಆಹ್ವಾನವಿಲ್ಲದೆ ಒಳಗೆ ಬರಬಾರದೆಂಬ ನಿಯಮ, ಇವೆಲ್ಲ ನಮ್ಮೂರಿಗೆ ಒಗ್ಗುತ್ತವೆಯೇ? ಬೇತಾಳನನ್ನು ಸೇರಿಸಲೇ? (ಗೌರಿಬಿದನೂರು)

ಬೆಳ್ಳುಳ್ಳಿಯ ವಾಸನೆಗೇ ಓಡುವವನಾದರೆ ಮಧ್ಯಾಹ್ನದ ಒಗ್ಗರಣೆ ಹೊತ್ತಿಗೆ ನಿಮ್ಮ ಬೀದಿ ದಾಟಲಾರ, ಕತೆ ಅಲ್ಲಿಗೇ ಮುಗಿಯಿತು. ಹಸಿಯದಕ್ಕೆ ಮಾತ್ರ, ಅದೂ ಮೈಗೆ ತಾಗಿದರೆ ಮಾತ್ರ, ಎಂದು ಬಿಗಿ ಮಾಡಿ.

ಹೊಸ್ತಿಲ ನಿಯಮ ನಮಗೆ ಹೊಸದೇನಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದ ಊರುಗಳು ನಮ್ಮವು. ಸೂಕ್ಷ್ಮ ಇರುವುದು ವಿವರದಲ್ಲಿ: ಬಾಡಿಗೆ ಮನೆಗೆ ಕರೆಯುವ ಅಧಿಕಾರ ಮಾಲೀಕನದೋ ಬಾಡಿಗೆದಾರನದೋ? ಲಾಡ್ಜು, ಪಿಜಿ, ಕಲ್ಯಾಣ ಮಂಟಪ? ಕಾಲೊರಸಿನ ಮೇಲಿನ ‘ಸುಸ್ವಾಗತ’ ಆಹ್ವಾನವೇ? ಒಮ್ಮೆ ಕರೆದ ಮೇಲೆ ಹಿಂತೆಗೆದುಕೊಳ್ಳಬಹುದೇ? ಈ ನಾಲ್ಕಕ್ಕೆ ಉತ್ತರ ಬರೆದಿಟ್ಟುಕೊಂಡೇ ಮೊದಲ ಅಧ್ಯಾಯಕ್ಕೆ ಕೈಹಾಕಿ.

ಚೆಲ್ಲಿದ ಕಾಳನ್ನು ಎಣಿಸದೆ ಮುಂದೆ ಹೋಗಲಾರ ಎಂಬ ಪೂರ್ವ ಯುರೋಪಿನ ನಂಬಿಕೆ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ರಾಗಿ ಸಾವಿರ ಕಾಳಿಗೆ ಎರಡೂವರೆ ಮೂರು ಗ್ರಾಂ ತೂಗುತ್ತದೆ. ಸೆಕೆಂಡಿಗೊಂದರಂತೆ ಹನ್ನೆರಡು ಗಂಟೆ ಎಣಿಸಿದರೆ 43,200 ಕಾಳು. ಸಂಜೆ ಹೊಸ್ತಿಲಲ್ಲಿ ಚೆಲ್ಲಿದ ಒಂದೆರಡು ಹಿಡಿ ರಾಗಿ ಬೆಳಗಿನವರೆಗೆ ಸಾಕು, ಚೀಲ ತರಿಸಬೇಕಿಲ್ಲ.

ಬೇತಾಳ ರಕ್ತ ಕುಡಿಯುವವನಲ್ಲ. ಹನ್ನೊಂದನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೇ ಇರುವ ಇಪ್ಪತ್ತೈದು ಕತೆಗಳಲ್ಲಿ ಅವನು ಹೆಣದೊಳಗೆ ಸೇರಿಕೊಂಡು ಕತೆ ಹೇಳಿ ಇಕ್ಕಟ್ಟಿನ ಪ್ರಶ್ನೆ ಕೇಳುವವನು. ಕೋರೆಹಲ್ಲು ಹಚ್ಚಿದರೆ ಅವನೂ ಕೆಡುತ್ತಾನೆ, ನಿಮ್ಮ ಪಿಶಾಚಿಯೂ ಕೆಡುತ್ತಾನೆ. ಬೇರೆಯದೇ ಬಣವಾಗಿ, ರಕ್ತಪಿಶಾಚಿಗಳು ಹೆದರುವ ನ್ಯಾಯಾಧೀಶನಾಗಿ ತನ್ನಿ. ಮತ್ತೊಂದು, ಸಮಾಧಿಯಿಂದ ಏಳುವ ಕತೆಗೆ ದೇಹ ಉಳಿದಿರಬೇಕು. ಸುಡುವ ಪದ್ಧತಿಯ ಮನೆಯವನಾದರೆ ಚಿತೆಗೆ ಮೊದಲೇ ಏಳಬೇಕು, ಇಲ್ಲವೇ ಅವನು ಸತ್ತದ್ದೇ ಯಾರಿಗೂ ತಿಳಿದಿರಬಾರದು.

ಪ್ರಶ್ನೆ: ಮೂರನೇ ಪುಸ್ತಕಕ್ಕೆ ಬಂದಿದ್ದೇನೆ. ಮೊದಲನೆಯದರಲ್ಲಿ ಬರೆದ ನಿಯಮವೇ ಈಗ ಅಡ್ಡಿ. ಮುರಿಯಲೇ? (ಪಾವಗಡ)

ಆ ನಿಯಮವನ್ನು ಮೊದಲ ಪುಸ್ತಕದಲ್ಲಿ ಹೇಳಿದವರು ಯಾರು, ಹೋಗಿ ನೋಡಿ. ಪಾತ್ರವೊಂದು ಹೇಳಿದ್ದರೆ ಬದುಕಿದಿರಿ. ಪಾತ್ರಕ್ಕೆ ತಪ್ಪು ತಿಳಿದಿರಬಹುದು, ಬೇಕೆಂದೇ ಸುಳ್ಳು ಹೇಳಿರಬಹುದು. ರೈಸ್ 1985ರಲ್ಲಿ ಮಾಡಿದ್ದು ಇದನ್ನೇ, ಮೊದಲ ನಿರೂಪಕನ ಮಾತನ್ನು ಎರಡನೆಯವನ ಬಾಯಲ್ಲಿ ಅಲ್ಲಗಳೆದರು. ನಿರೂಪಣೆಯೇ ಹೇಳಿದ್ದರೆ, ಅಥವಾ ಆ ನಿಯಮದಿಂದ ಯಾರಾದರೂ ಸತ್ತಿದ್ದರೆ, ನೀವು ಕಟ್ಟುಬಿದ್ದಿರಿ. ಮುರಿದರೆ ಆ ಸಾವೂ ಸುಳ್ಳಾಗುತ್ತದೆ.

ಇನ್ನು ಮೇಲಾದರೂ ಒಂದು ನೋಟ್‌ಬುಕ್ ಇಡಿ. ನಿಯಮ, ಯಾವ ಪುಸ್ತಕದ ಎಷ್ಟನೇ ಪುಟ, ಯಾರು ಹೇಳಿದ್ದು, ಯಾರ ಮೇಲೆ ಪ್ರಯೋಗವಾಯಿತು. ಪ್ರತಿ ಪಾತ್ರಕ್ಕೆ ಹುಟ್ಟಿದ ವರ್ಷ, ಬದಲಾದ ವರ್ಷ, ಕೊನೆಯ ಸಲ ಕುಡಿದ ದಿನ. ನಾಯಕನಿಗೆ ಪುಸ್ತಕಕ್ಕೊಂದು ಹೊಸ ಶಕ್ತಿ ಕೊಡುತ್ತಾ ಹೋಗುವುದು ಈ ಸರಣಿಗಳ ಮಾಮೂಲು ರೋಗ. ಐದನೆಯದಕ್ಕೆ ಅವನನ್ನು ಸೋಲಿಸಬಲ್ಲ ಶತ್ರುವೇ ಸಿಗುವುದಿಲ್ಲ. ಶಕ್ತಿ ಕೊಟ್ಟರೆ ಅದೇ ಪುಟದಲ್ಲಿ ಬೆಲೆಯನ್ನೂ ಬರೆಯಿರಿ.

ಪ್ರಶ್ನೆ: ಶೃಂಗಾರ ಎಷ್ಟರ ಮಟ್ಟಿಗೆ? ನಾಯಕನಿಗೆ ಮುನ್ನೂರು ವರ್ಷ, ನಾಯಕಿಗೆ ಹದಿನೇಳು. (ಕುಣಿಗಲ್)

ಮೊದಲು ಆ ಹದಿನೇಳನ್ನು ಇಪ್ಪತ್ತೇಳು ಮಾಡಿ. ಹದಿನೆಂಟು ತುಂಬದವರ ಶೃಂಗಾರ ಬೇಡವೇ ಬೇಡ, ಕಾನೂನಿನ ದೃಷ್ಟಿಯಲ್ಲೂ ಓದುಗರ ದೃಷ್ಟಿಯಲ್ಲೂ. ದೊಡ್ಡವರ ನಾಯಕಿಗೆ ನೌಕರಿ, ಸಾಲ, ಹಳೆಯ ಸಂಬಂಧ ಇರುತ್ತದೆ. ಮುನ್ನೂರು ವರ್ಷದವನ ಎದುರು ಅವಳ ತೂಕ ಬರುವುದೂ ಅದರಿಂದಲೇ.

ಹೆಚ್ಚು ಎಡವುವುದು ಸಮ್ಮೋಹನದಲ್ಲಿ. ಕಣ್ಣಿನಿಂದಲೇ ಮನಸ್ಸನ್ನು ಕಟ್ಟಿಹಾಕಬಲ್ಲವನ ಮುಂದೆ ಅವಳ ‘ಹೂಂ’ಗೆ ಬೆಲೆಯೆಲ್ಲಿ? ಅವಳ ಮೇಲೆ ಅದು ನಡೆಯುವುದಿಲ್ಲ ಎನ್ನಿ, ಇಲ್ಲವೇ ನಡೆಯುತ್ತದೆ ಎಂದು ಇಬ್ಬರಿಗೂ ಗೊತ್ತಿದ್ದು ಅವನು ಬಳಸದಿರುವುದನ್ನೇ ಕತೆಯ ಬಿಗಿಯಾಗಿಸಿ. ಭಾಷೆಯ ವಿಷಯಕ್ಕೆ ಬಂದರೆ, ಸಂಸ್ಕೃತದ ಅಂಗವರ್ಣನೆ ಯಕ್ಷಗಾನದ ಪ್ರಸಂಗದಂತೆ ಕೇಳುತ್ತದೆ, ಬೀದಿಯ ಮಾತು ಬೈಗುಳದಂತೆ. ಕೈ, ಉಸಿರು, ಬಟ್ಟೆ, ಮಾತು ಇವುಗಳಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಕಚ್ಚುವಿಕೆಯನ್ನೇ ಕೂಟದ ಜಾಗದಲ್ಲಿಟ್ಟು ಬರೆದವರ ಪುಟಗಳು ಬಿಚ್ಚಿ ಬರೆದವರಿಗಿಂತ ಬಿಸಿಯಾಗಿರುವುದುಂಟು. ಮುಖಪುಟದಲ್ಲಿ ‘ವಯಸ್ಕರಿಗೆ’ ಎಂದು ಅಚ್ಚು ಹಾಕಿಸಿ. ಹಾಗೆ ಹಾಕಿದ ಮಾತ್ರಕ್ಕೆ ಅಶ್ಲೀಲ ಪುಸ್ತಕ ಮಾರಾಟದ ಕಾನೂನಿನಿಂದ ರಕ್ಷಣೆ ಸಿಗದು, ಓದುಗರಿಗೆ ಮುನ್ಸೂಚನೆ ಸಿಗುತ್ತದೆ.

ಪ್ರಶ್ನೆ: ಡ್ರಾಕುಲಾನನ್ನೇ ತಿಪಟೂರಿಗೆ ಕರೆತರಬಹುದೇ? ಹಕ್ಕುಸ್ವಾಮ್ಯ? (ತಿಪಟೂರು)

ತನ್ನಿ. ನಮ್ಮ 1957ರ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕಿರುತ್ತದೆ. ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ. ಪಾತ್ರ, ಕತೆ, ನೀವೇ ಅನುವಾದ ಮಾಡುವ ಹಕ್ಕು ಎಲ್ಲ ಮುಕ್ತ. ಎಚ್ಚರ ಬೇಕಿರುವುದು ಆಮೇಲಿನ ಸಿನಿಮಾಗಳು ಸೇರಿಸಿದ ಸಂಭಾಷಣೆ, ವೇಷ, ಹೊಸ ಪಾತ್ರಗಳ ಬಗ್ಗೆ, ಮತ್ತು ಬೇರೆಯವರು ಮಾಡಿದ ಅನುವಾದದ ವಾಕ್ಯಗಳ ಬಗ್ಗೆ. ಬದುಕಿರುವ ಲೇಖಕರ ಸರಣಿಯಿಂದ ‘ಕೃತಕ ರಕ್ತ’ದಂಥ ಕಲ್ಪನೆಯ ಎಳೆ ತೆಗೆದುಕೊಳ್ಳಬಹುದು, ಪಾತ್ರಗಳ ಹೆಸರು ಮತ್ತು ಘಟನೆಗಳ ಸರಪಳಿಯನ್ನು ಎತ್ತುವ ಹಾಗಿಲ್ಲ. ಹೆಸರು ಬದಲಿಸಿದರೆ ಸಾಕೆಂಬುದು ಭ್ರಮೆ. ‘ನೊಸ್ಫೆರಾಟು’ ತಂಡ ಕೌಂಟ್‌ನ ಹೆಸರು ಬದಲಿಸಿತ್ತು, ಆದರೂ ಸ್ಟೋಕರ್ ಪತ್ನಿ ಹೂಡಿದ ದಾವೆಯಲ್ಲಿ ಪ್ರತಿಗಳನ್ನು ನಾಶಮಾಡಬೇಕೆಂದು ಜರ್ಮನ್ ನ್ಯಾಯಾಲಯ ಆದೇಶಿಸಿತು.

ಪ್ರಶ್ನೆ: ಕೋಲಾರದ ಗುಹೆಯಲ್ಲಿ ರಕ್ತ ಹೀರುವ ಬಾವಲಿಗಳಿವೆ ಎಂದು ಬರೆದರೆ ತಪ್ಪೇ? (ಶ್ರೀನಿವಾಸಪುರ)

ತಪ್ಪೇ. ರಕ್ತ ಕುಡಿಯುವ ಬಾವಲಿಗಳು ಮೂರೇ ಜಾತಿ, ಮೂರೂ ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ. ಅವು ಹೀರುವುದೂ ಇಲ್ಲ, ಚರ್ಮ ಕೆತ್ತಿ ನೆಕ್ಕುತ್ತವೆ. ಕೋಲಾರ ಜಿಲ್ಲೆಯ ಹನುಮನಹಳ್ಳಿ ಗುಹೆಯಲ್ಲಿ ಮಾತ್ರ ಉಳಿದಿರುವ ಎಲೆಮೂಗಿನ ಬಾವಲಿ ಹುಳ ತಿಂದು ಬದುಕುವಂಥದು, ಅಳಿವಿನ ಅಂಚಿನಲ್ಲಿದೆ. ಕತೆಗೆ ಬೇರೆ ಗುಹೆ ಕಲ್ಪಿಸಿಕೊಳ್ಳಿ, ಹನುಮನಹಳ್ಳಿಯ ಹೆಸರು ಹಾಕಬೇಡಿ. ಪುಸ್ತಕ ಓದಿ ಟಾರ್ಚು ಹಿಡಿದು ಅಲ್ಲಿಗೆ ಹೊರಡುವವರು ಇದ್ದೇ ಇರುತ್ತಾರೆ.